ಮುಯ್ಯಿ ಕೊಟ್ಟ ಹತ್ತು ರೀಲು

ಗೋವಿನಕೋವಿಯ ಮನೆಯಲ್ಲಿ ಕೂತು ನಾನು ಮಾಡುವ ಕೆಲಸ ಏನೆಂದು ಊರಿನವರಿಗೆ ತಿಳಿಸಿ ಹೇಳಲು ಹೋಗಿ ಎಷ್ಟೋ ಸಲ ಸೋತಿದ್ದೇನೆ. ಬೆಂಗಳೂರಿನ ಹೊರಗೆ ಒಂದು ಕಾರ್ಖಾನೆ ಇದೆ. ಅಲ್ಲಿ ದೊಡ್ಡ ಕಂಪ್ಯೂಟರುಗಳ ಒಳಗೆ ಕೂರುವ ಬೋರ್ಡುಗಳನ್ನು ಮಾಡುತ್ತಾರೆ. ಒಂದೊಂದು ಬೋರ್ಡಿಗೂ ಸಾವಿರಾರು ಬಿಡಿಭಾಗ ಬೇಕು. ಜಪಾನ್, ತೈವಾನ್, ಜರ್ಮನಿ ಎಂದು ಎಲ್ಲೆಲ್ಲಿಂದಲೋ ಬರಬೇಕಾದ ಅವು ಹೊತ್ತಿಗೆ ಸರಿಯಾಗಿ ಬಂದು ಮುಟ್ಟುವಂತೆ ನೋಡಿಕೊಳ್ಳುವುದು ನನ್ನ ಪಾಲು. ಎದುರು ಮನೆಯ ಅಜ್ಜಿ ಒಮ್ಮೆ ಇದನ್ನೆಲ್ಲ ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಫೋನ್ ಮಾಡಿ ಬೈಯೋ ಕೆಲ್ಸ ಐತೆ ಅನ್ನು," ಎಂದರು. ನನ್ನ ಮ್ಯಾನೇಜರ್ ಕೂಡ ಅದಕ್ಕಿಂತ ಚೆನ್ನಾಗಿ ಹೇಳಿಲ್ಲ.

ಬೈಯುವುದು ನನಗೆ ಕಷ್ಟವೇನಲ್ಲ. ನಾನು ಜಗಳೂರಿನವಳು. ಕೊಡ ಇಟ್ಟು ನೀರಿನ ಸರದಿ ಕಾದು ಬೆಳೆದವಳು, ಸರದಿ ತಪ್ಪಿಸಿ ನುಗ್ಗುವವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ. ಕಂಪ್ಯೂಟರ್ ಚಿಪ್‌ಗಳ ಲೋಕದಲ್ಲಿ ನಡೆಯುವುದೂ ಅದೇ. ದೊಡ್ಡ ಕಂಪನಿಗಳು ಹಂಡೆ ಹಿಡಿದು ಮುಂದೆ ನಿಂತಿರುತ್ತವೆ, ನಮ್ಮಂಥವರು ಚೊಂಬು ಹಿಡಿದು ಹಿಂದೆ.

ಆ ಸರದಿಯಲ್ಲೇ ನನಗೆ ಸಿಕ್ಕವಳು ಮಲೇಶಿಯಾದ ಪೆನಾಂಗಿನ ಗೆಳತಿ. ಬೇರೆ ಕಂಪನಿಗೆ ನನ್ನಂಥದೇ ಕೆಲಸ ಮಾಡುತ್ತಾಳೆ. ನಮಗೆ ಬೆಳಿಗ್ಗೆ ಆರೂವರೆ ಎಂದರೆ ಅಲ್ಲಿ ಒಂಬತ್ತು. ನಾನು ಮಗಳ ಡಬ್ಬಿಗೆ ಚಪಾತಿ ಲಟ್ಟಿಸುತ್ತ, ಅವಳು ಆಫೀಸಿನಲ್ಲಿ ಕಾಫಿ ಕುಡಿಯುತ್ತ, ಇಬ್ಬರೂ ಸೇರಿ ಜಪಾನಿನವರನ್ನು ಶಪಿಸುತ್ತೇವೆ. ಮುಖಾಮುಖಿ ಒಮ್ಮೆಯೂ ಭೇಟಿಯಾಗಿಲ್ಲ.

ಒಂದು ದಿನ ಅವಳ ದನಿ ಕುಗ್ಗಿತ್ತು. ಅವರ ಚೆನ್ನೈ ಕಾರ್ಖಾನೆಯಲ್ಲಿ ಕೆಪಾಸಿಟರ್ ಮುಗಿದಿದೆ, ಎರಡು ದಿನದಲ್ಲಿ ಕೆಲಸ ನಿಲ್ಲುತ್ತದೆ ಎಂದಳು. ಕೆಪಾಸಿಟರ್ ಎಂದರೆ ಸಾಸಿವೆಗಿಂತ ಸಣ್ಣ ಭಾಗ. ಸಾವಿರಗಟ್ಟಲೆ ಕಾಳುಗಳನ್ನು ಉದ್ದನೆಯ ಪಟ್ಟಿಯಲ್ಲಿ ಕೂರಿಸಿ ಸುರುಳಿ ಸುತ್ತಿ ಕಳಿಸುತ್ತಾರೆ, ಅದೇ ರೀಲು. ಅದಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಬೋರ್ಡು ದಂಡ. ನಮ್ಮ ಉಗ್ರಾಣದಲ್ಲಿ ಅದೇ ರೀಲು ಎರಡು ತಿಂಗಳಿಗಾಗುವಷ್ಟಿತ್ತು. ನಾನು ಹಿಂದೆಮುಂದೆ ನೋಡದೆ, ಆಮೇಲೆ ವಾಪಸ್ ಕೊಡುತ್ತಾರೆಂದು ಒಂದು ಚೀಟಿ ಬರೆಸಿ, ಹತ್ತು ರೀಲು ಚೆನ್ನೈಗೆ ಕಳಿಸಿಬಿಟ್ಟೆ. ಮ್ಯಾನೇಜರಿಗೆ ಹೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ನಮ್ಮಲ್ಲಿ ಮುಯ್ಯಿ ಎಂದರೆ ಹಾಗೆಯೇ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಅದಕ್ಕೆ ಯಾರೂ ಅಪ್ಪಣೆ ಕೇಳುವುದಿಲ್ಲ.

ಒಂದೂವರೆ ತಿಂಗಳು ಕಳೆಯಿತು. ನಮಗೆ ಬರಬೇಕಿದ್ದ ಸರಕು ಯಾವುದೋ ಬಂದರಿನಲ್ಲಿ ಸಿಕ್ಕಿಕೊಂಡಿತು. ಉಗ್ರಾಣ ಬರಿದಾಗುತ್ತ ಬಂದಾಗ ಮ್ಯಾನೇಜರ್ ಕಣ್ಣಿಗೆ ಆ ಚೀಟಿ ಬಿತ್ತು.

"ನಮ್ಮ ಮಾಲನ್ನ ಹೊರಗಿನವರಿಗೆ ಕೊಡೋಕೆ ನಿಮಗೆ ಹೇಳಿದ್ದು ಯಾರು?" ಎಂದರು. "ಸೋಮವಾರದೊಳಗೆ ಹತ್ತು ರೀಲು ಬರಬೇಕು. ಇಲ್ಲಾಂದ್ರೆ ಈ ಮನೆಯಿಂದ ಕೆಲಸ ಮಾಡೋದು ಬಂದ್, ಬೆಂಗಳೂರಿಗೆ ಬಂದು ಕಣ್ಣೆದುರು ಕೂತ್ಕೊಳ್ಳಿ."

ಆ ದಿನ ಗುರುವಾರ. ಪೆನಾಂಗಿಗೆ ಫೋನ್ ಮಾಡಿದೆ. "ಅದು ನಮ್ಮಲ್ಲೂ ಒಂದು ರೀಲೂ ಉಳಿದಿಲ್ಲ," ಎಂದು ಅವಳು ಅಳುವ ಹಾಗಾದಳು. ಹೊನ್ನಾಳಿಯಲ್ಲಿ ಮೇಷ್ಟ್ರಾಗಿರುವ ನನ್ನ ಗಂಡ ವಿಷಯ ಕೇಳಿ, "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ," ಎಂದು ನಕ್ಕರು. ಲಟ್ಟಣಿಗೆ ಕೈಯಲ್ಲೇ ಇತ್ತು, ಹೇಗೋ ತಡೆದುಕೊಂಡೆ. ಬೆಳಿಗ್ಗೆ ಮಗಳನ್ನು ನ್ಯಾಮತಿ ಬಸ್ಸಿಗೆ ಹತ್ತಿಸಿ ಬಂದು ಕಿಟಕಿ ಪಕ್ಕ ಕೂತು ಲೋಕವನ್ನೆಲ್ಲ ಬೈಯುವ ಈ ಬದುಕು ನನಗೆ ತುಂಬಾ ಇಷ್ಟ. ಅದನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ಮಾರನೆಯ ದಿನ ನಮ್ಮ ಗದ್ದೆಯಲ್ಲಿ ಭತ್ತದ ನಾಟಿ. ಅತ್ತೆಯ ಮುಯ್ಯಿ ಗುಂಪಿನ ಹೆಂಗಸರೆಲ್ಲ ಬಂದಿದ್ದರು. ಬುತ್ತಿ ತೆಗೆದುಕೊಂಡು ಹೋದವಳು ನೋಡುತ್ತೇನೆ, ಸಾಲಿನ ನಡುವೆ ಪಂಚೆ ಎತ್ತಿ ಕಟ್ಟಿದ ಗಂಡಸೊಬ್ಬ ಸಸಿ ನೆಡುತ್ತಿದ್ದಾನೆ. ಅವನ ಹೆಂಡತಿಗೆ ಕಾಲು ಉಳುಕಿತ್ತಂತೆ. ಹೆಂಗಸರು ಅವನನ್ನು ಸುಮ್ಮನೆ ಬಿಟ್ಟಿರಲಿಲ್ಲ. "ಸೀರೆ ಉಡಿಸಿ ಕಳ್ಸಿದ್ರೆ ಗೊತ್ತೇ ಆಗ್ತಿರ್ಲಿಲ್ಲ ನೋಡ್ರಿ," ಎಂದು ಒಬ್ಬಳು ಕಿಚಾಯಿಸಿದಳು. ಅವನು ತಲೆ ಎತ್ತದೆ ನೆಡುತ್ತಲೇ ಇದ್ದ.

"ಹಿಂಗೂ ಆಗ್ತೈತಾ ಅತ್ತೆ?" ಎಂದೆ.

"ಮತ್ತೆ? ಬರಾಕೆ ಆಗ್ಲಿಲ್ಲ ಅಂತ ಮುಯ್ಯಿ ತಪ್ಪಿಸಾಕೆ ಆಗ್ತೈತಾ? ಆಕಿ ಇಲ್ದಿದ್ರೆ ಮನೇಲಿರೋ ಇನ್ನೊಬ್ರು. ನೆಡಾಕೆ ಬಂದ್ರೆ ಸಾಕು," ಎಂದರು ಅತ್ತೆ.

ನಾನು ಬುತ್ತಿಯನ್ನು ಬದುವಿನ ಮೇಲಿಟ್ಟು ಅಲ್ಲಿಂದಲೇ ಪೆನಾಂಗಿಗೆ ಫೋನ್ ಹಚ್ಚಿದೆ. ನಮ್ಮ ಎಂಜಿನಿಯರುಗಳು ಬೋರ್ಡಿನ ಆ ಜಾಗಕ್ಕೆ ಮೂರು ಕಂಪನಿಗಳ ಕೆಪಾಸಿಟರುಗಳನ್ನು ಪರೀಕ್ಷಿಸಿ ಒಪ್ಪಿದ್ದರು. ನಾನು ಚೆನ್ನೈಗೆ ಕೊಟ್ಟದ್ದು ಅದರಲ್ಲೊಂದು. ಮಿಕ್ಕೆರಡು ಯಾವ ಮಾರಾಟಗಾರರ ಬಳಿಯೂ ಇರಲಿಲ್ಲ. ಆದರೆ ಅವಳ ಮನೆಯಲ್ಲಿ, ಅಂದರೆ ಅವಳ ಕಂಪನಿಯಲ್ಲಿ, ಇದೆಯೇ ಎಂದು ನಾನು ಕೇಳಿಯೇ ಇರಲಿಲ್ಲ. ಕೊಟ್ಟದ್ದೇ ವಾಪಸ್ ಬೇಕು ಎಂದು ಹಟ ಹಿಡಿದು ಕೂತಿದ್ದೆ.

ಮಿಕ್ಕೆರಡರ ಹೆಸರು ಹೇಳಿದೆ. ಒಂದು ನಿಮಿಷ ಆ ಕಡೆ ಕೀಲಿಮಣೆಯ ಸದ್ದು. "ಎರಡನೆಯದು ಇದೆ. ಚೆನ್ನೈಯಲ್ಲೇ ಇದೆ. ಹನ್ನೆರಡು ರೀಲು. ಎಲ್ಲವನ್ನೂ ತಗೋ," ಎಂದಳು. ನನಗೆ ಕಣ್ಣು ತುಂಬಿ ಬಂತು. ಕಂಪನಿಯ ಕೆಪಾಸಿಟರಿಗಾಗಿ ಅತ್ತವಳು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಭಾನುವಾರ ಸಂಜೆಗೆ ರೀಲುಗಳು ಕಾರ್ಖಾನೆ ಸೇರಿದವು. ಸೋಮವಾರ ಮ್ಯಾನೇಜರ್ ಫೋನ್ ಮಾಡಿ, "ಇನ್ನೊಂದ್ಸಲ ಕೊಡೋ ಮುಂಚೆ ನನಗೊಂದು ಮಾತು ಹೇಳಿ," ಎಂದಷ್ಟೇ ಅಂದರು. ಬೆಂಗಳೂರಿನ ಮಾತು ಎತ್ತಲಿಲ್ಲ. ನಾನೂ ನೆನಪಿಸಲಿಲ್ಲ.

ಅದೇ ವಾರ, ಕಾಲು ಉಳುಕಿದವಳ ಗದ್ದೆಗೆ ಅತ್ತೆ ಹೋಗಬೇಕಿತ್ತು. ಅವರ ಮಂಡಿ ಊದಿಕೊಂಡಿತ್ತು. ನಾನು ಒಂದು ದಿನ ರಜೆ ಹಾಕಿ ಕೆಸರಿಗಿಳಿದೆ. ಅರ್ಧ ಸಾಲು ನೆಡುವಷ್ಟರಲ್ಲಿ ಬದುವಿನ ಮೇಲೆ ಕೂತಿದ್ದ ಅತ್ತೆಯ ಮಡಿಲಲ್ಲಿ ನನ್ನ ಫೋನ್ ರಿಂಗಾಯಿತು. ಕೆಸರುಗೈಯಲ್ಲೇ ಬದುವಿನ ಹತ್ತಿರ ಬಂದೆ, ಅವರೇ ಅದನ್ನು ನನ್ನ ಕಿವಿಗೆ ಹಿಡಿದರು.

ಮ್ಯಾನೇಜರ್. "ಮೇಡಂ, ಪೆನಾಂಗಿನವರಿಗೆ ಯಾವುದೋ ಚಿಪ್ ಬೇಕಂತೆ. ನಮ್ಮ ಹತ್ರ ಸ್ವಲ್ಪ ಹೆಚ್ಚಿದೆ. ಕೊಡೋಣ್ವಾ?"

"ಕೊಡಿ ಸರ್," ಎಂದೆ. "ನಾನೂ ಇಲ್ಲಿ ಅದನ್ನೇ ಮಾಡ್ತಾ ಇದೀನಿ."

ತಿರುಗಿ ನೋಡಿದರೆ ನಾನು ನೆಟ್ಟ ಸಾಲು ಹಾವು ಹರಿದಂತಿತ್ತು. ನಾಚಿಕೆಯಾಗಿ ಸಸಿ ಕೀಳಲು ಬಗ್ಗಿದೆ.

"ಇರ್ಲಿ ಬಿಡು," ಎಂದರು ಅತ್ತೆ. "ಸೊಟ್ಟ ನೆಟ್ರೂ ಭತ್ತಾನೇ ಬೆಳೀತೈತೆ."