ಟೈಲರ್ ಮಾಮನ ಚಾಪ್

ಹೋದ ಭಾನುವಾರ ಅಟ್ಟದ ಮೇಲಿನ ಟ್ರಂಕು ಇಳಿಸಿ ಮುಚ್ಚಳ ತೆಗೆದಾಗ, ನುಸಿಗುಳಿಗೆಯ ವಾಸನೆಯ ಜೊತೆ ನನ್ನ ಹಳೇ ಪ್ಯಾಂಟೊಂದು ಈಚೆ ಬಂತು. ಒಂದು ಕಾಲಕ್ಕೆ ಕಡುನೀಲಿಯಾಗಿದ್ದದ್ದು. "ಇದನ್ನ ಒರೆಸೋ ಬಟ್ಟೆಗೆ ಹಾಕ್ಲಾ?" ಅಂದಳು ಹೆಂಡತಿ. ನಾನು ಅದನ್ನು ಕೈಗೆತ್ತಿಕೊಂಡೆ. ನುಸಿಗುಳಿಗೆಯನ್ನೂ ಮೀರಿ ಇದ್ದಿಲಿನ ಇಸ್ತ್ರಿಪೆಟ್ಟಿಗೆಯ ವಾಸನೆ ಎಲ್ಲಿಂದಲೋ ಬಂದ ಹಾಗಾಯಿತು...

ಬನಶಂಕರಿ ಸೆಕೆಂಡ್ ಸ್ಟೇಜಿನ ನಮ್ಮ ರಸ್ತೆಯ ಮೂಲೆಮನೆಯ ಕಾರ್ ಶೆಡ್ಡಿನಲ್ಲಿ ಅವರ ಅಂಗಡಿಯಿತ್ತು. ಹುಡುಗರಿಗೆಲ್ಲ ಅವರು ಟೈಲರ್ ಮಾಮ. ಕತ್ತಿನಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು, ಪಕ್ಕದಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ. ದಂಡು, ಅಂದರೆ ಕಂಟೋನ್ಮೆಂಟಿನ ಕಡೆಯ ಸೂಟಿನಂಗಡಿಯಲ್ಲಿ ಕೆಲಸ ಕಲಿತವರು, ಇಂಗ್ಲಿಷಿನವರು ಹುಡುಗರನ್ನು ಸಲಿಗೆಯಿಂದ ಕರೆಯುವ 'ಚಾಪ್' ಅನ್ನುವ ಮಾತನ್ನೂ ಅಲ್ಲಿಂದಲೇ ತಂದಿದ್ದರು. ಹಾಗಂತ ಅದನ್ನು ಕಂಡಕಂಡವರಿಗೆ ಕೊಡುತ್ತಿರಲಿಲ್ಲ. ಚಡ್ಡಿ ಹುಡುಗರೆಲ್ಲ 'ಮರಿ'. ಮದುವೆಯಾದವರು 'ಸಾರ್'. ನಡುವೆ, ಹೊಸ ಬಟ್ಟೆಯಲ್ಲಿ ತನ್ನದೇ ಅಳತೆಗೆ ಫುಲ್ ಪ್ಯಾಂಟು ಹೊಲಿಸಿಕೊಂಡವನು ಮಾತ್ರ 'ಚಾಪ್'.

ನನ್ನ ಕಷ್ಟ ಏನೆಂದರೆ, ನನಗೊಬ್ಬ ಅಣ್ಣ ಇದ್ದ. ಅವನಿಗೆ ಗಿಡ್ಡವಾದ ಪ್ಯಾಂಟುಗಳನ್ನೇ ಸೊಂಟ ಹಿಡಿಸಿ ಅಮ್ಮ ನನಗೆ ಹಾಕುತ್ತಿದ್ದಳು. ಇಬ್ಬರೂ ಅಂಗಡಿಗೆ ಹೋದರೆ ಅವನಿಗೆ "ಬಾ ಚಾಪ್", ಮೀಸೆ ಚಿಗುರುತ್ತಿದ್ದ ನನಗೆ "ನೀನೂ ಬಾ ಮರಿ." ಒಂದು ದಿನ ತಡೆಯಲಾರದೆ, "ಮಾಮ, ನಾನು ಹಾಕಿರೋದೂ ಫುಲ್ ಪ್ಯಾಂಟೇ" ಅಂದೆ.

"ಅದು ನಿಮ್ಮಣ್ಣಂದು. ನೀನು ಒಳಗೆ ಬಾಡಿಗೆಗಿದ್ದೀಯ," ಅಂದರು ನೂಲು ಕಚ್ಚುತ್ತ.

ಕಾಲೇಜು ಸೇರುವಾಗ ಅಪ್ಪ ಕೊನೆಗೂ ಹೊಸ ಬಟ್ಟೆ ತಂದರು. ಈ ಕಡುನೀಲಿಯದೇ. ಉಸಿರು ಬಿಗಿಹಿಡಿದು ಅಳತೆ ಕೊಟ್ಟೆ. "ಇನ್ನೂ ಬೆಳೀತೀಯ. ಕಾಲಲ್ಲಿ ಎರಡಿಂಚು ಒಳಗೆ ಮಡಚಿರ್ತೀನಿ, ಬೇಕಾದಾಗ ಬಿಚ್ಕೊಡ್ತೀನಿ," ಅಂದರು. ಟೇಪು ಕತ್ತಿಗೆ ಹಾಕಿಕೊಂಡು, ಏನೂ ವಿಶೇಷವಿಲ್ಲದ ಹಾಗೆ, "ಶುಕ್ರವಾರ ಬಾ ಚಾಪ್" ಅಂದುಬಿಟ್ಟರು. ಆವತ್ತು ನಾನು ಪಾರ್ಕು ಸುತ್ತಿಕೊಂಡು ಮನೆಗೆ ಹೋದೆ.

ಕಾಲೇಜಿನ ಲೈಬ್ರರಿಯ ದಪ್ಪ ಡಿಕ್ಷನರಿಯಲ್ಲಿ ಆ ಪದ ಹುಡುಕಿದ್ದೂ ಅದೇ ಖುಷಿಗೆ. 'ಚಾಪ್‌ಮನ್' ಅಂದರೆ ಹಿಂದೆ ಊರೂರು ತಿರುಗುವ ವ್ಯಾಪಾರಿಯಂತೆ. ಅದರ ಬಾಲ ಕತ್ತರಿಸಿ 'ಚಾಪ್' ಆಗಿ, ಮೊದಲು ಕೊಳ್ಳಲು ಬರುವವನಿಗೆ, ಬರುಬರುತ್ತಾ ಯಾವ ಹುಡುಗನಿಗಾದರೂ ಆ ಹೆಸರು ನಿಂತಿತಂತೆ. ಓಡಿಹೋಗಿ ಮಾಮನಿಗೆ ಹೇಳಿದೆ.

"ಅಂದ್ರೆ ಗಿರಾಕಿ ಅನ್ನು. ನಾವೂ ಅಂತೀವಲ್ಲ, ಅವನೊಬ್ಬ ಗಿರಾಕಿ ಅಂತ," ಅಂದು ಮೆಷಿನ್ ನಿಲ್ಲಿಸಿ ನಕ್ಕರು. "ನೀನಂತೂ ಎರಡೂ ಕಡೆಯಿಂದ ಗಿರಾಕಿನೇ ಬಿಡು." ಆ ದಿನ ನನಗೂ ಒಂದು ಟೀ ಹೇಳಿದರು.

ಮದುವೆಯಾದ ಹೊಸದರಲ್ಲಿ ಹೆಂಡತಿಯ ಜೊತೆ ಅಂಗಡಿಗೆ ಹೋದಾಗ ಎದ್ದು ನಿಂತು, ಸ್ಟೂಲು ಒರೆಸಿ, "ಬನ್ನಿ ಸಾರ್" ಅಂದರು.

"ಏನ್ ಮಾಮ ನೀವು, ನನಗೆ ಹೋಗಿ ಸಾರ್ ಅಂತ..."

"ಪಕ್ಕದಲ್ಲಿ ಮೇಡಂ ಇದ್ದಾರಲ್ಲ ಸಾರ್," ಅಂದರು. ಹೆಂಡತಿ ನಕ್ಕಳು. ಆಮೇಲೆ ಎಷ್ಟೋ ಸಲ, ಗುಂಡಿ ಹಾಕಿಸೋ ನೆಪದಲ್ಲಿ ಒಬ್ಬನೇ ಹೋದೆ. ಆಗಲೂ ಸಾರ್ ಅಂತಲೇ ಅಂದರು.

ಮೂಲೆಮನೆ ಕೆಡವಿದಾಗ ಶೆಡ್ಡೂ ಹೋಯಿತು, ಮಾಮ ಅಂಜನಾಪುರದ ಮಗಳ ಮನೆ ಸೇರಿದರು. ಅವರು ತೀರಿಕೊಂಡ ಸುದ್ದಿ ನಮ್ಮ ರಸ್ತೆಯ ಇಸ್ತ್ರಿ ಅಂಗಡಿಯವನ ಬಾಯಲ್ಲಿ ನನಗೆ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು... ಈಗ ನನ್ನನ್ನು ಅಂಕಲ್ ಅನ್ನುವವರಿದ್ದಾರೆ, ಸಾರ್ ಅನ್ನುವವರಿದ್ದಾರೆ. ಚಾಪ್ ಅನ್ನುವವರು ಉಳಿದಿಲ್ಲ.

ಪ್ಯಾಂಟಿನ ಕಾಲಂಚು ತಿರುವಿ ನೋಡಿದೆ. ಅವರು ಅಂದುಕೊಂಡಷ್ಟು ನಾನು ಬೆಳೆಯಲೇ ಇಲ್ಲ, ಮಡಿಕೆ ಹಾಗೇ ಇತ್ತು. ನೂಲಿನ ಒಂದು ತುದಿ ಎಳೆದೆ, ಅಷ್ಟುದ್ದಕ್ಕೂ ಬಿಚ್ಚಿಕೊಂಡಿತು. ಹೊರಗೆಲ್ಲ ಮಾಸಿ ಬೂದುಬಣ್ಣಕ್ಕೆ ತಿರುಗಿದ್ದರೂ, ಒಳಗಿನ ಆ ಎರಡಿಂಚು ಅಪ್ಪ ತಂದ ದಿನದ ನೀಲಿಯಲ್ಲೇ ಇತ್ತು.

"ಏನು, ಹರಿದು ಕೊಡ್ತೀರಾ?" ಅಂದಳು ಹೆಂಡತಿ.

"ಇಲ್ಲ. ಸೂಜಿ ದಾರ ಕೊಡು," ಅಂದೆ. ಬಿಚ್ಚಿದ್ದನ್ನು ಮತ್ತೆ ಹಾಗೇ ಮಡಚಿ ಹೊಲಿಯಬೇಕಿತ್ತು.