ಫೋಟೋದಲ್ಲಿದ್ದ ಮೂವರು

ಯುದ್ಧಕಾಲದ ಬ್ರಿಟಿಷ್ ಬೇಹುಗಾರಿಕೆಯ ಬಗ್ಗೆ ಬರೆಯುವ ಆ ಸಿಡ್ನಿಯ ಇತಿಹಾಸಕಾರನ ಪುಸ್ತಕಗಳನ್ನು ನಾನು ಒಂದೂ ಬಿಡದೆ ಓದಿದ್ದೆ. ಆತ ನಮ್ಮ ಬಡಾವಣೆ ಗ್ಲೆನ್ ವೇವರ್ಲಿಯ ಲೈಬ್ರರಿಗೆ ಭಾಷಣಕ್ಕೆ ಬರುತ್ತಾನೆಂದು ತಿಳಿದು, ಗಂಡನನ್ನೂ ಎಳೆದುಕೊಂಡು ಹೋಗಿ, ಹೊಸ ಪುಸ್ತಕ ಕೊಂಡು ಮುಂದಿನ ಸಾಲಿನಲ್ಲೇ ಕೂತೆ.

ಪರದೆಯ ಮೇಲೆ ಬರ್ಮಾದ ಕಾಡಿನ ಫೋಟೋ ಬಂತು. ಒಬ್ಬ ಬ್ರಿಟಿಷ್ ಅಧಿಕಾರಿ, ಅವನ ಕಾಲ ಬಳಿ ನಾಯಿ, ಹಿಂದೆ ವೈರ್‌ಲೆಸ್ ಪೆಟ್ಟಿಗೆಯ ಮುಂದೆ ನಮ್ಮವನೊಬ್ಬ. ಕೆಳಗೆ ಅಧಿಕಾರಿಯ ಹೆಸರಿತ್ತು, ನಾಯಿಯ ಹೆಸರಿತ್ತು, ಕೊನೆಗೆ 'ಮತ್ತು ಒಬ್ಬ ಭಾರತೀಯ' ಎಂದಿತ್ತು. ಇತಿಹಾಸಕಾರ ನಾಯಿಯ ತುಂಟಾಟಗಳನ್ನು ಬಣ್ಣಿಸಿದ, ಸಭೆ ನಕ್ಕಿತು.

ನನಗೆ ಮೈಯೆಲ್ಲ ಉರಿಯಿತು. ಜೀವದ ಹಂಗು ತೊರೆದು ಸುದ್ದಿ ಕಳಿಸಿದವನಿಗೆ ಊರೂ ಇಲ್ಲ, ಹೆಸರೂ ಇಲ್ಲ! ಎದ್ದು ನಿಂತು, ಆತ ಯಾರೆಂದು ಕೇಳಿದೆ.

"ಈ ಕೆಲಸದಲ್ಲಿ ಹೆಸರುಗಳು ಉಳಿಯುವುದು ಅಪರೂಪ," ಎಂದ ಇತಿಹಾಸಕಾರ.

ನಾಯಿಯದು ಹೇಗೆ ಉಳಿಯಿತು ಎಂದು ಕೇಳುವಷ್ಟರಲ್ಲಿ ಮೈಕು ಬೇರೆಯವರ ಕೈ ಸೇರಿತ್ತು.

"ಸುಮ್ನೆ ಕೂತ್ಕೋ ಮಾರಾಯ್ತಿ, ಎಲ್ರೂ ನೋಡ್ತಿದಾರೆ," ಎಂದು ಗಂಡ ನನ್ನ ಜಾಕೆಟ್ ಜಗ್ಗಿದರು.

ನಾನು ಸುಮ್ಮನಾಗಲಿಲ್ಲ. ಭಾಷಣ ಮುಗಿದ ಮೇಲೆ ಪುಸ್ತಕ ಹಿಡಿದು ಸಹಿಯ ಸಾಲಿನಲ್ಲಿ ನಿಂತೆ. ಇತಿಹಾಸಕಾರ ನನ್ನ ಹೆಸರು ಕೇಳಿದ. ನಿಧಾನವಾಗಿ ಬಿಡಿಸಿ ಹೇಳಿದೆ. ಆತ ಅರ್ಧಕ್ಕೇ ಪೆನ್ನೆತ್ತಿ, "ತುಂಬ ಉದ್ದವಾಯಿತು. ಬರೀ 'ಓದುಗರಿಗೆ' ಎಂದು ಬರೆಯಲೇ?" ಎಂದ.

"ಬೇಡ, ಆ ನಾಯಿಯ ಹೆಸರನ್ನೇ ಬರೆಯಿರಿ," ಎಂದೆ. "ಅದಾದರೆ ನಿಮಗೆ ನೆನಪಿರುತ್ತದೆ."