ಅಡ್ಡಿಲ್ಲೆ ಎಂಬ ನನ್ನ ಸಿದ್ಧಾಂತ

ದಿಲ್ಲಿಯಲ್ಲಿ ಮೂವತ್ತು ವರ್ಷ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳಿದ ನನ್ನ ಇಡೀ ಗಳಿಕೆ ಒಂದು ಶಬ್ದ. ಅದೂ ನನ್ನದಲ್ಲ. ಸಿದ್ದಾಪುರದ ಹತ್ತಿರ ಕೋಲಸಿರ್ಸಿಯ ಗದ್ದೆಯೊಂದರ ಬದುವಿನ ಮೇಲೆ ಕೇಳಿ, ಜೇಬಿಗೆ ಹಾಕಿಕೊಂಡು ಬಂದದ್ದು. ಆ ಶಬ್ದ ‘ಅಡ್ಡಿಲ್ಲೆ’. ಅದರ ಮೇಲೆ ಒಂದು ಪುಸ್ತಕ ಬರೆದೆ, ಪುಸ್ತಕದಿಂದ ನೌಕರಿ ಸಿಕ್ಕಿತು, ನೌಕರಿಯಿಂದ ಹೆಸರು. ನಿವೃತ್ತನಾಗಿ ಶಿರಸಿಯಲ್ಲಿ ಬಾಡಿಗೆ ಮನೆ ಹಿಡಿದು, ಅದೇ ಪುಸ್ತಕವನ್ನು ಕನ್ನಡದಲ್ಲಿ ಹೊಸದಾಗಿ ಬರೆದು ಮುಗಿಸಿದ ಮೇಲೆ, ಆ ಶಬ್ದದ ಅರ್ಥವೇ ನನಗೆ ಗೊತ್ತಿರಲಿಲ್ಲ ಎಂದು ತಿಳಿಯಿತು.

ನಾನು ದಾಸನಕೊಪ್ಪದವನು. ಅದೂ ಶಿರಸಿ ತಾಲ್ಲೂಕೇ, ಆದರೆ ನಮ್ಮ ಬಾಯಿ ಹಾವೇರಿ ಕಡೆಗೆ ತಿರುಗಿದ್ದು. ನನ್ನ ಕೆಲಸ ಏನೆಂದು ಅಪ್ಪನಿಗೆ ತಿಳಿಸಿ ಹೇಳುವುದು ಬಲು ಕಷ್ಟವಾಗಿತ್ತು. ದೇಶದೇಶಗಳ ನಡುವೆ ಜಗಳ ಯಾಕೆ ಹತ್ತುತ್ತದೆ, ಹೇಗೆ ನಿಲ್ಲುತ್ತದೆ ಎಂದು ಓದುವುದು ಅಂದೆ. ಅವರು, ಹಾಗಾದರೆ ಮೊದಲು ಪಕ್ಕದ ಹೊಲದವನ ಬದುವಿನ ತಕರಾರು ನಿಲ್ಲಿಸಿ ತೋರಿಸು ಎಂದರು. ಹೋದೆ. ಎರಡು ತಾಸು ಮಾತಾಡಿದೆ. ಅಲ್ಲಿಯವರೆಗೆ ಇಬ್ಬರು ಜಗಳವಾಡುತ್ತಿದ್ದರು, ನಾನು ಸೇರಿ ಮೂವರಾದೆವು. ಊರವರು ಆಮೇಲೆ ನನ್ನನ್ನು ಯಾವ ಪಂಚಾಯ್ತಿಗೂ ಕರೆಯಲಿಲ್ಲ.

ಸಂಶೋಧನೆಗೆ ನಾನು ಹಿಡಿದದ್ದು ಗಡಿ ದಾಟಿ ಹರಿಯುವ ನದಿಗಳನ್ನು. ಮೇಲಿನ ದೇಶ ನೀರು ತಿರುಗಿಸಿಕೊಂಡರೆ ಕೆಳಗಿನ ದೇಶ ಏನು ಮಾಡುತ್ತದೆ? ನಾನು ಓದಿದ ಪುಸ್ತಕಗಳು ಎರಡೇ ಉತ್ತರ ಕೊಡುತ್ತಿದ್ದವು: ಒಂದೋ ಒಪ್ಪಂದ, ಇಲ್ಲವೇ ಕದನ. ಎರಡೂ ಇಲ್ಲದೆ ತಲೆಮಾರುಗಟ್ಟಲೆ ನಡೆದುಕೊಂಡು ಹೋಗುವ ನದಿಗಳು ಇವೆಯಲ್ಲ, ಅವುಗಳಿಗೆ ಏನು ಹೆಸರು ಎಂದು ನಾನು ಕೇಳಿದಾಗ ನನ್ನ ಗುರುಗಳು, ಹೆಸರು ನೀನೇ ಹುಡುಕು, ಒಂದು ಗಟ್ಟಿ ಉದಾಹರಣೆಯನ್ನೂ ತಾ ಎಂದಿದ್ದರು.

ಆ ಬೇಸಿಗೆ ರಜೆಯಲ್ಲಿ ಕಾಲೇಜಿನ ಗೆಳೆಯನೊಬ್ಬನ ಜೊತೆ ಅವನ ಸೋದರಮಾವನ ಮನೆಗೆ, ಕೋಲಸಿರ್ಸಿಗೆ ಹೋದೆ. ಗೆಳೆಯನಂತೆ ನಾನೂ ಅವರನ್ನು ಮಾವ ಎಂದೇ ಕರೆದೆ. ಮಾವನ ಗದ್ದೆಗೆ ಬರುವ ಹಳ್ಳದ ನೀರನ್ನು ಮೇಲಿನ ಗದ್ದೆಯವರು ಆಗಷ್ಟೇ ಹೊಸ ಕಾಲುವೆ ತೋಡಿ ತಮ್ಮ ಕಡೆಗೆ ತಿರುಗಿಸಿಕೊಂಡಿದ್ದರು. ಇವತ್ತು ಜಗಳ ಗ್ಯಾರಂಟಿ ಎಂದು ನಾನು ನೋಟ್‌ಬುಕ್ ಹಿಡಿದು ಕಾದೆ. ನೋಡಿದರೆ ಇಬ್ಬರೂ ಅದೇ ಕಾಲುವೆಯ ಬದುವಿನ ಮೇಲೆ ಕುಳಿತಿದ್ದಾರೆ. ಮೇಲಿನ ಮನೆಯಿಂದ ಎಲ್ಲರಿಗೂ ಕಷಾಯ ಬಂತು, ಕುಡಿದೆವು. ಮೇಲಿನ ಗದ್ದೆಯವರು ಕಾಲುವೆಯ ಕಡೆ ನೋಡುತ್ತ, “ಹೆಂಗಿದ್ದು?” ಅಂದರು, ಹೇಗಿದೆ ಎಂದು. ಮಾವ, “ಅಡ್ಡಿಲ್ಲೆ” ಅಂದರು. ನಾನು ಬರೆದುಕೊಂಡೆ.

ನಮ್ಮ ದಾಸನಕೊಪ್ಪದ ಮನೆಯಲ್ಲಿ ‘ಅಡ್ಡಿಯಿಲ್ಲ’ ಎಂಬುದು ಮುಖ ಅತ್ತ ತಿರುಗಿಸಿ ಆಡುವ ಮಾತು. ನನಗೇನೂ ಮನಸ್ಸಿಲ್ಲ, ಆದರೆ ನಿನ್ನ ಕಾಲಿಗೆ ಅಡ್ಡ ಬರುವುದಿಲ್ಲ ಎಂದು ಅರ್ಥ. ನಾನು ದಿಲ್ಲಿಗೆ ಹೊರಟಾಗ ಅವ್ವ ಅದನ್ನೇ ಹೇಳಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಮಾವನ ‘ಅಡ್ಡಿಲ್ಲೆ’ಯನ್ನೂ ನಾನು ಅದೇ ತಕ್ಕಡಿಯಲ್ಲಿ ತೂಗಿದೆ. ಒಪ್ಪಿಗೆಗೂ ವಿರೋಧಕ್ಕೂ ನಡುವೆ ಒಂದು ಜಾಗವಿದೆ, ಅಲ್ಲಿ ಯಾರೂ ಸಹಿ ಮಾಡುವುದಿಲ್ಲ, ಯಾರೂ ಕತ್ತಿ ಎತ್ತುವುದಿಲ್ಲ, ಲೋಕದ ಶಾಂತಿಯ ಬಹುಪಾಲು ಅಲ್ಲೇ ಇದೆ ಎಂದು ಬರೆದೆ. ಸಾಕ್ಷಿಗೆ ಕೋಲಸಿರ್ಸಿಯ ಆ ಬದು. ನನ್ನ ವಾದ ಜನರಿಗೆ ಹಿಡಿಸಿತು. ಎಲ್ಲೆಲ್ಲಿಂದಲೋ ಬಂದ ವಿದ್ಯಾರ್ಥಿಗಳು ನಾಲಿಗೆ ಹೊರಳದಿದ್ದರೂ ‘ಅಡ್ಡಿಲ್ಲೆ’ ಎನ್ನಲು ಕಲಿತರು. ನನ್ನ ಬೆನ್ನ ಹಿಂದೆ ನನಗೂ ಅದೇ ಹೆಸರಿಟ್ಟಿದ್ದರು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಕನ್ನಡ ಪುಸ್ತಕದ ಹಸ್ತಪ್ರತಿಯನ್ನು ಮೊದಲು ಓದಿದವಳು ನನ್ನ ಕೊನೆಯ ಸಂಶೋಧನಾ ವಿದ್ಯಾರ್ಥಿನಿ. ಈಗ ಯಲ್ಲಾಪುರದಲ್ಲಿ ಕಾಲೇಜು ಉಪನ್ಯಾಸಕಿ, ಹುಟ್ಟಿದ್ದೂ ಅದೇ ತಾಲ್ಲೂಕಿನ ತೋಟದ ಮನೆಯಲ್ಲಿ. ಅಚ್ಚಿಗೆ ಕೊಡಲು ಹದಿನೈದು ದಿನ ಉಳಿದಿತ್ತು. ಅವಳು ಬಸ್ಸಿನಲ್ಲಿ ಶಿರಸಿಗೆ ಬಂದು, ಹಸ್ತಪ್ರತಿ ಮೇಜಿನ ಮೇಲಿಟ್ಟು, ಬಹಳ ಹೊತ್ತು ಅದು ಇದು ಮಾತಾಡಿದಳು. ಕೊನೆಗೆ ಹೇಳಿದಳು: “ಸರ್, ನಮ್ಮಲ್ಲಿ ಅಡ್ಡಿಲ್ಲೆ ಅಂದ್ರೆ ಚಲೋ ಇದ್ದು ಅಂತ.”

ಅಷ್ಟಕ್ಕೇ ಬಿಡಲಿಲ್ಲ. ತನ್ನ ಮದುವೆಗೆ ಗಂಡು ನೋಡಿ ಬಂದ ಅಪ್ಪ, ಹುಡುಗ ಹೇಗಿದ್ದಾನೆ ಎಂದರೆ ‘ಅಡ್ಡಿಲ್ಲೆ’ ಎಂದಷ್ಟೇ ಹೇಳಿ ಮರುದಿನ ಬೆಳಿಗ್ಗೆಯೇ ಕಲ್ಯಾಣ ಮಂಟಪ ಗೊತ್ತು ಮಾಡಲು ಹೋಗಿದ್ದರಂತೆ. ಇದಕ್ಕಿಂತ ಹೆಚ್ಚು ಹೊಗಳಿಕೆ ಅವರ ಕಡೆ ಯಾರ ಬಾಯಿಂದಲೂ ಬರುವುದಿಲ್ಲವಂತೆ. ದಿಲ್ಲಿಯಲ್ಲಿ ಓದುವಾಗಲೇ ಇದನ್ನು ಯಾಕೆ ಹೇಳಲಿಲ್ಲ ಎಂದು ನಾನು ರೇಗಿದೆ. ಇಂಗ್ಲಿಷಿನಲ್ಲಿ ಓದಿದಾಗ ಅದು ತನ್ನ ಮನೆಯ ಶಬ್ದ ಎಂದೇ ಅನಿಸಿರಲಿಲ್ಲ ಎಂದಳು. ಅದೂ ನಿಜವೇ ಇರಬೇಕು.

ಆ ವಾರ ನನಗೆ ಊಟ ಸೇರಲಿಲ್ಲ. ಮಾವ ಹೊಸ ಕಾಲುವೆಯನ್ನು ಮೆಚ್ಚಿ ‘ಚಲೋ ಇದೆ’ ಎಂದಿದ್ದರೆ ಅದು ಶುದ್ಧ ಒಪ್ಪಿಗೆ. ನನ್ನ ನಡುವಿನ ಜಾಗ ಅಲ್ಲಿ ಇರಲೇ ಇಲ್ಲ. ದಿಲ್ಲಿಯವರಿಗೆ ಗೊತ್ತಾಗದೆ ಮೂವತ್ತು ವರ್ಷ ಕಳೆಯಿತು, ಆದರೆ ಈ ಪುಸ್ತಕ ಓದುವವರು ಶಿರಸಿ, ಸಿದ್ದಾಪುರದವರು. ಮೊದಲ ಅಧ್ಯಾಯಕ್ಕೇ ನಕ್ಕು ಕೆಳಗಿಡುತ್ತಾರೆ. ಉದಾಹರಣೆ ತೆಗೆದುಬಿಟ್ಟರೆ ಆಯಿತಲ್ಲ ಎಂದು ಅವಳು ಸಮಾಧಾನ ಹೇಳಿದಳು. ತೆಗೆಯುವುದು ಸುಲಭ, ಆದರೆ ಪುಸ್ತಕದ ಉಳಿದದ್ದೆಲ್ಲ ನಿಂತಿದ್ದು ಅದರ ಮೇಲೆ. ಮಾವನನ್ನೇ ಕೇಳಿಬಿಡೋಣ, ಸುಳ್ಳಾಗಿದ್ದರೆ ಪುಸ್ತಕ ವಾಪಸು ತೆಗೆದುಕೊಳ್ಳುತ್ತೇನೆ ಎಂದು ತೀರ್ಮಾನಿಸಿದೆ.

ಆ ಭಾನುವಾರ ಬೆಳಿಗ್ಗೆ ಅವಳೂ ನಾನೂ ಬಸ್ಸಿನಲ್ಲಿ ಸಿದ್ದಾಪುರಕ್ಕೆ ಹೋಗಿ, ಅಲ್ಲಿಂದ ಆಟೋ ಮಾಡಿಕೊಂಡು ಕೋಲಸಿರ್ಸಿಗೆ ಹೋದೆವು. ಮಾವನಿಗೆ ಎಂಬತ್ತು ದಾಟಿದೆ. ಜಗಲಿಯ ಮೇಲೆ ಕುಳಿತು ಒಣಗಿದ ಅಲಸಂದೆ ಕೋಡು ಬಿಡಿಸುತ್ತಿದ್ದರು. ಗುರುತು ಹಿಡಿದರು. ನನ್ನ ವಿಷಯ ಯಾವುದೆಂದು ಗೆಳೆಯನಿಂದ ಕೇಳಿದ್ದರಿಂದ, ಈ ಯುದ್ಧಗಳೆಲ್ಲ ಯಾವಾಗ ಮುಗಿಯುತ್ತವೆ ಎಂದು ವಿಚಾರಿಸಿದರು. ಎಲ್ಲರೂ ಕೇಳುತ್ತಾರೆ. ನನಗೆ ಗೊತ್ತಿಲ್ಲ ಎಂದೆ. ಅಷ್ಟು ಓದಿಯೂ ಗೊತ್ತಿಲ್ಲವೇ ಎಂಬಂತೆ ನೋಡಿ ಮತ್ತೊಂದು ಕೋಡು ಬಿಡಿಸಿದರು.

ಅವಳೇ ಅವರ ಮಾತಿನಲ್ಲಿ ಕೇಳಿದಳು: ಹೊಸ ಕಾಲುವೆ ತೋಡಿದ ವರ್ಷ, ಬದುವಿನ ಮೇಲೆ ಕುಳಿತಾಗ ನೀವು ಅಡ್ಡಿಲ್ಲೆ ಅಂದಿದ್ದು ನೆನಪಿದೆಯೇ ಎಂದು. ನೆನಪಿರುವುದಿಲ್ಲ ಎಂದುಕೊಂಡಿದ್ದೆ. ಮಾವನಿಗೆ ನಗು ತಡೆಯಲಾಗಲಿಲ್ಲ.

“ಅದು ಕಷಾಯಕ್ಕೆ ಹೇಳಿದ್ದು,” ಎಂದರು. “ಕಷಾಯ ಅಡ್ಡಿಲ್ಲೆ ಹೇಳಿರೆ ಇವ್ರು ಎಂತಕ್ಕೆ ಬರ್ಕಂಡ್ರು ಹೇಳಿ ನಂಗ ಇಬ್ರೂ ಎಷ್ಟು ವರ್ಷ ನಗ್ಯಾಡಿದ್ಯ.”

ಇಬ್ಬರೂ ವರ್ಷಗಟ್ಟಲೆ ನಕ್ಕದ್ದು ನನ್ನ ನೋಟ್‌ಬುಕ್ಕಿಗೆ. ಮೇಲಿನ ಮನೆಯಲ್ಲಿ ಆ ದಿನ ಕಷಾಯಕ್ಕೆ ಜೀರಿಗೆ ತುಸು ಹೆಚ್ಚಾಗಿ ಬಿದ್ದಿತ್ತಂತೆ. ಹೇಗಿದೆ ಎಂದು ಅವರು ಕೇಳಿದ್ದು ಅದನ್ನು. ಜೀರಿಗೆ ಕಷಾಯದ ಹೊಗಳಿಕೆಯನ್ನು ನಾನು ಎಷ್ಟು ದೇಶಗಳ ಸಭೆಗಳಲ್ಲಿ ಓದಿದ್ದೆನೋ ನೆನೆದು ಬೆವತುಹೋದೆ. ಪಕ್ಕದಲ್ಲಿ ಅವಳು ತಲೆ ತಗ್ಗಿಸಿ ಕೂತಿದ್ದಳು, ಭುಜ ಕುಲುಕುವುದು ಕಾಣುತ್ತಿತ್ತು.

ಹಾಗಾದರೆ ಕಾಲುವೆಗೆ ಏನೆಂದಿರಿ ಎಂದು ಕೊನೆಗೆ ನಾನೇ ಕೇಳಿದೆ. ಏನೂ ಅನ್ನಲಿಲ್ಲ ಎಂದರು. ಮೇಲಿನವರು ಕೇಳಲಿಲ್ಲವೇ? ಇಲ್ಲ. ಮಾವ ಕೋಡು ಬಿಡಿಸುವುದನ್ನು ನಿಲ್ಲಿಸಿದರು.

“ಕೇಳಿದ್ರೆ ಆನು ಆಗ್ತಿಲ್ಲೆ ಹೇಳ್ತಿದ್ದೆ. ಅದು ಅವಂಗೂ ಗೊತ್ತಿತ್ತು. ಅದ್ಕೇ ಕೇಳಿದ್ನಿಲ್ಲೆ.”

ಆಮೇಲೆ ನನಗೆ ತಿಳಿಯಲಿ ಎಂದು ನಿಧಾನವಾಗಿ ವಿವರಿಸಿದರು. ತಾನು ಸಿದ್ದಾಪುರಕ್ಕೆ ಹೋದ ದಿನ ನೋಡಿಯೇ ಮೇಲಿನವರು ಕಾಲುವೆ ತೋಡಿದ್ದರು. ಬಂದು ನೋಡಿ ಸಿಟ್ಟು ನೆತ್ತಿಗೇರಿತ್ತು. ಬೈಯಲು ಹೊರಟವರು ಹಳ್ಳದ ಹತ್ತಿರ ಹೋದಾಗ, ಮೇಲಿನವರು ಕಾಲುವೆಯ ಬಾಯಿಗೆ ತಾವೇ ಮಣ್ಣು ಮುಚ್ಚಿ ನೀರನ್ನು ಕೆಳಕ್ಕೆ ಬಿಡುತ್ತಿದ್ದರು. ಮರುದಿನ ತೆರೆದರು, ಅದರ ಮರುದಿನ ಮತ್ತೆ ಮುಚ್ಚಿದರು. ದಿನ ಬಿಟ್ಟು ದಿನ. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಮೂರನೇ ವಾರ ಬದುವಿನ ಮೇಲೆ ಕಷಾಯಕ್ಕೆ ಕರೆ ಬಂತು, ಇವರು ಹೋದರು. ನಾನು ಕಂಡದ್ದು ಅದನ್ನೇ. ಮೇಲಿನವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಅವರ ಮಗ ಈಗಲೂ ದಿನ ಬಿಟ್ಟು ದಿನ ಮುಚ್ಚುತ್ತಾನೆ. ಕೇಳಿದ್ದರೆ ಬೇಡ ಅನ್ನಬೇಕಿತ್ತು, ಬೇಡ ಅಂದ ಮೇಲೆ ಅದಕ್ಕೆ ಜೋತುಬೀಳಬೇಕಿತ್ತು, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಎಂದರು.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಬರೀ ಇಳಿದದ್ದಲ್ಲ, ಅಲ್ಲೇ ಜಗಲಿಯ ಮೇಲೆ ಕಾಲು ಚಾಚಿ ಮಲಗಿಬಿಡೋಣ ಅನಿಸುವಷ್ಟು ಹಗುರಾದೆ. ನಾನು ಹಿಡಿದ ಶಬ್ದ ತಪ್ಪು, ಅದರ ಅರ್ಥ ತಪ್ಪು, ಅದು ಯಾವುದಕ್ಕೆ ಹೇಳಿದ್ದು ಎನ್ನುವುದೂ ತಪ್ಪು. ಆದರೆ ನಾನು ಹುಡುಕಿಕೊಂಡು ಬಂದ ಜಾಗ ಅಲ್ಲೇ ಇತ್ತು. ಅದಕ್ಕೆ ಶಬ್ದವೇ ಇರಲಿಲ್ಲ, ಇದ್ದಿದ್ದರೆ ಅದು ಉಳಿಯುತ್ತಲೂ ಇರಲಿಲ್ಲ. ದೇಶಗಳು ಒಂದನ್ನೊಂದು ಏನು ಕೇಳುತ್ತವೆ ಎಂದು ಬದುಕಿಡೀ ಓದಿದೆ. ಏನನ್ನು ಕೇಳದೆ ಬಿಡುತ್ತವೆ ಎನ್ನುವುದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಉಳಿದ ದಿನಗಳೆಲ್ಲ ಬೇಡ, ಮೊದಲ ಅಧ್ಯಾಯವನ್ನು ಎರಡೇ ದಿನದಲ್ಲಿ ಹೊಸದಾಗಿ ಬರೆಯಬಲ್ಲೆ ಎಂದು ಅವಳಿಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡಳು, ನಗುವಿನದೇ ನೀರು.

ಏಳುವ ಹೊತ್ತಿಗೆ ನನಗೆ ಹೊಸದೊಂದು ಅಳುಕು ಶುರುವಾಯಿತು. ಇದನ್ನು ಅಚ್ಚು ಹಾಕಿದರೆ ಮೇಲಿನ ಮನೆಯ ಮಗನೂ ಓದುತ್ತಾನೆ. ಅವನ ಅಪ್ಪ ಕೇಳದೆ ಕಾಲುವೆ ತೋಡಿದ್ದು, ಕೇಳಿದ್ದರೆ ಮಾವ ಆಗದು ಅನ್ನುತ್ತಿದ್ದದ್ದು, ಎರಡೂ ಕಾಗದದ ಮೇಲೆ ಬರುತ್ತದೆ. ನಮ್ಮ ವೃತ್ತಿಯಲ್ಲಿ ಇಂಥದ್ದಕ್ಕೆ ಮೊದಲು ಅನುಮತಿ ಪಡೆಯುವುದು ಪದ್ಧತಿ. ಹಾಗಾಗಿ, ಇದನ್ನೆಲ್ಲ ಪುಸ್ತಕದಲ್ಲಿ ಬರೆಯಬಹುದೇ ಮಾವ ಎಂದೆ.

ಮಾವ ನನ್ನನ್ನು ನೋಡಿದರು. ಇಷ್ಟು ಹೇಳಿದ ಮೇಲೂ ಇವನಿಗೆ ತಿಳಿಯಲಿಲ್ಲವಲ್ಲ ಎಂಬ ಮರುಕ ಆ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

“ಅದನ್ನ ಕೇಳ್ಬೇಡಿ,” ಎಂದರು.

ನಾನು ಮತ್ತೆ ಕೇಳಲಿಲ್ಲ. ಬರೆದೆ.